ಹಳೇಬೀಡಿಗೆ ಹೋದ ಮೂರು ತಮಟೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗೆಳತಿಯರು ಈಗಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅವತ್ತು ಹಳೇಬೀಡಿನಲ್ಲಿ ಅದು ಅಲ್ಲೇ ಇದ್ದದ್ದರಿಂದ ಕೆಲಸಕ್ಕೆ ಬಂತು. ಇಲ್ಲದಿದ್ದರೆ ನಾವು ಮೂವರೂ ಗೇಟಿನ ಪಕ್ಕ ನಿಂತು ಬಾರಿಸಿ, ಕೊಟ್ಟ ಊಟ ಉಂಡು ತೆಪ್ಪಗೆ ವಾಪಸ್ ಬರುತ್ತಿದ್ದೆವು.

ಎರಡು ಸಾವಿರನೇ ಇಸವಿ ಕಳೆದು ಒಂದೆರಡು ವರ್ಷ ಆಗಿತ್ತು. ಅರಸೀಕೆರೆಯಲ್ಲಿ ನಾನು ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಗೆಳತಿಯರಲ್ಲಿ ಒಬ್ಬಳು ಪ್ರೈಮರಿ ಶಾಲೆಯ ಟೀಚರ್, ಇನ್ನೊಬ್ಬಳು ಆಗಷ್ಟೇ ಕರಿ ಕೋಟು ಹಾಕಿಕೊಂಡಿದ್ದ ಲಾಯರ್. ಮೂವರೂ ಒಂದೇ ಕೇರಿಯಲ್ಲಿ ಬೆಳೆದವರು. ಬೇಸಿಗೆ ರಜೆಯಲ್ಲಿ ಒಂದು ಶಿಬಿರಕ್ಕೆ ಹೋಗಿ ತಮಟೆ ಕಲಿತು ಬಂದಿದ್ದೆವು. ಹೆಣ್ಣುಮಕ್ಕಳು ತಮಟೆ ಹಿಡಿದದ್ದನ್ನು ನೋಡಿ ಅಕ್ಕಪಕ್ಕದವರು ಆಡಿದ ಮಾತಿಗೆ ಬೇರೆಯವರಾಗಿದ್ದರೆ ಕೋಲು ಬಿಸಾಕಿ ಹೋಗುತ್ತಿದ್ದರು. ನಾವು ಇನ್ನೂ ಜೋರಾಗಿ ಬಾರಿಸಿದೆವು.

ಆ ಚಳಿಗಾಲದಲ್ಲಿ ಹಳೇಬೀಡಿನಲ್ಲಿ ಬಯಲು ಸಂಗೀತೋತ್ಸವ ಏರ್ಪಾಡಾಯಿತು. ದೇವಸ್ಥಾನದ ಮುಂದಿನ ಹುಲ್ಲುಹಾಸಿನ ಮೇಲೆ ವೇದಿಕೆ, ಕೊಳಲು, ಪಿಟೀಲು, ಹಾಡುಗಾರಿಕೆ. ಅದರ ನಡುವೆ ನಮ್ಮ ತಮಟೆಗೂ ಕರೆ ಬಂತು. ನಾವು ಮೂವರೂ ಕುಣಿದಾಡಿಬಿಟ್ಟೆವು. ಮುನಿಸಿಕೊಂಡವನು ನನ್ನಪ್ಪ.

ಅಪ್ಪನ ತಲೆಮಾರಿಗೆ ತಮಟೆ ಅಂದರೆ ಸಂಗೀತವಲ್ಲ, ತಲೆಯ ಮೇಲೆ ಹೇರಿದ ಚಾಕರಿ. ಸಾವಿಗೆ, ದೇವರಿಗೆ, ಊರಿಗೆ ದೊಡ್ಡ ಮನುಷ್ಯರು ಬಂದರೆ ಅವರ ಮೆರವಣಿಗೆಗೆ, ಕರೆದಾಗಲೆಲ್ಲ ಹೋಗಿ ಬಾರಿಸಬೇಕು, ಕೊಟ್ಟದ್ದನ್ನು ದೂರ ನಿಂತು ತೆಗೆದುಕೊಳ್ಳಬೇಕು. ರೈಲ್ವೆಯಲ್ಲಿ ಕೆಲಸ ಸಿಕ್ಕಿ, ಮನೆಯವರೆಲ್ಲ ಬೌದ್ಧರಾದ ವರ್ಷ ಅದನ್ನು ಕೆಳಗಿಟ್ಟವನು ಮತ್ತೆ ಮುಟ್ಟಿರಲಿಲ್ಲ.

“ನಾನು ಇಳಿಸಿದ ಹೊರೇನ ನೀನ್ಯಾಕವ್ವ ಎತ್ಕತೀಯ?” ಅಂದ.

“ಹೊರೆ ಅಲ್ಲ ಕಣಪ್ಪ. ವೇದಿಕೆ ಮೇಲೆ ನಿಂತು ಬಾರಿಸ್ತೀವಿ. ಜನ ಕೂತ್ಕೊಂಡು ಕೇಳ್ತಾರೆ.”

“ಹಂಗಾರೆ ನಾನೂ ಬತ್ತೀನಿ. ವೇದಿಕೆ ಹತ್ತಿಸಿದ್ರೆ ಸರಿ. ಗೇಟ್ ತಾವ ನಿಲ್ಲಿಸಿದ್ರೋ, ಅಲ್ಲಿಂದ್ಲೇ ವಾಪಸ್. ಆಮೇಲೆ ಈ ಮನೇಲಿ ತಮಟೆ ಇರಕೂಡ್ದು. ಒಪ್ಪಿಗೇನಾ?”

ಒಪ್ಪಿಗೆ ಅಂದೆ. ಬೇರೇನು ಹೇಳಲಿ?

ಲಾಯರಮ್ಮನ ಅಣ್ಣನ ಹಳೇ ಓಮ್ನಿ ವ್ಯಾನು ಸಿಕ್ಕಿತು. ಲೈಸೆನ್ಸ್ ಇದ್ದದ್ದು ನನಗೊಬ್ಬಳಿಗೆ, ಅದೂ ಹೊಸದು. ಹಿಂದಿನ ಸೀಟಿನಲ್ಲಿ ಅವರಿಬ್ಬರೂ ತಮಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಅಪಸ್ವರದಲ್ಲಿ ಹಾಡುತ್ತಾ ಕೂತರು. ಅಪ್ಪ ನನ್ನ ಪಕ್ಕ. ನಾಲ್ಕು ಮೈಲಿ ಹೋಗುವಷ್ಟರಲ್ಲಿ ಅವನು ಮಿಸುಕಾಡತೊಡಗಿದ.

“ಏನ್ರವ್ವ ಇದು, ಸೀಟಿನ ಕೆಳಗೆ ಒಲೆ ಹಚ್ಚಿದ್ದೀರಾ?”

“ಈ ಗಾಡಿಗೆ ಎಂಜಿನ್ ಇರೋದೇ ಅಲ್ಲಿ ದೊಡ್ಡಪ್ಪ,” ಅಂದಳು ಲಾಯರ್. “ಚಳಿ ಅಲ್ವಾ, ಬೆಚ್ಚಗೆ ಕೂತ್ಕೊಳ್ಳಿ.”

“ಬೆಚ್ಚಗಾ? ರೊಟ್ಟಿ ಬೇಯಿಸ್ಬೋದು ಕಣವ್ವ,” ಎಂದು ಅಪ್ಪ ಟವೆಲ್ ಮಡಿಸಿ ಕೆಳಗೆ ಹಾಕಿಕೊಂಡ.

ಜಾವಗಲ್ಲಿನ ಬಸ್ ನಿಲ್ದಾಣದ ಹತ್ತಿರ ಸಂತೆಗೆ ಬಂದವರಂತೆ ಜನ. ಹೆಂಗಸು ವ್ಯಾನು ಓಡಿಸುವುದನ್ನು ನೋಡಿ ಕೆಲವರು ಮಾತು ನಿಲ್ಲಿಸಿ ತಿರುಗಿದರು. ನಾನು ಸುಮ್ಮನಿರಲಾರದೆ ಅವರ ಕಡೆ ದುರುಗುಟ್ಟಿಕೊಂಡು ನೋಡಿದೆ. “ಮುಂದೆ ನೋಡ್ಕಂಡು ಓಡ್ಸು,” ಅಂದ ಅಪ್ಪ. “ಅವ್ರು ಬೇಕಾರೆ ನೋಡ್ಕಳ್ಲಿ.” ಮುನಿಸಿನಲ್ಲಿದ್ದವನ ಬಾಯಿಂದ ಅಷ್ಟು ಬಂದದ್ದೇ ನನಗೆ ಬಿರುದು ಕೊಟ್ಟ ಹಾಗಾಯಿತು. ಹಳೇಬೀಡಿನವರೆಗೂ ಬೆನ್ನು ನೆಟ್ಟಗೆ ಮಾಡಿಕೊಂಡೇ ಓಡಿಸಿದೆ.

ನಾವು ತಲುಪಿದಾಗ ಇನ್ನೂ ಬಿಸಿಲಿತ್ತು. ನಮ್ಮ ಸರದಿ ನಾಲ್ಕನೆಯದು ಅಂದರು. ನಾಲ್ಕನೆಯದು ಹೋಗಿ ಐದಾಯಿತು, ಆರಾಯಿತು. ಹೊತ್ತು ಮುಳುಗಿತು. ಕೆರೆಯ ಕಡೆಯಿಂದ ತಣ್ಣನೆಯ ಗಾಳಿ, ಮೇಲಿಂದ ಮಂಜು. ಚರ್ಮಕ್ಕೆ ಥಂಡಿ ಹಿಡಿದರೆ ತಮಟೆ ಸಡಿಲವಾಗಿ ಮಂಕು ಹಿಡಿಯುತ್ತದೆ. ಹುಲ್ಲಿಗೆ ಬೆಂಕಿ ಹಚ್ಚಿ ಕಾಯಿಸಿದರೆ ಮಾತ್ರ ಬಿಗಿಯಾಗಿ ನುಡಿಯುತ್ತದೆ. ಟೀಚರ್ ಬೆರಳಲ್ಲಿ ತಟ್ಟಿ ನೋಡಿದಳು. ರಟ್ಟು ಬಡಿದ ಸದ್ದು ಬಂತು.

ಅಷ್ಟರಲ್ಲಿ ಎದೆಗೆ ಬ್ಯಾಡ್ಜ್ ಚುಚ್ಚಿಕೊಂಡಿದ್ದ ವ್ಯವಸ್ಥಾಪಕ ಓಡಿ ಬಂದ.

“ಮೇಡಂ, ಟೈಮ್ ಇಲ್ಲ. ಮುಖ್ಯ ಅತಿಥಿಗಳು ಬರ್ತಾ ಇದ್ದಾರೆ. ನೀವು ಗೇಟ್ ಹತ್ರ ನಿಂತು, ಅವರ ಮುಂದೆ ಮುಂದೆ ಬಾರಿಸ್ಕೊಂಡು ವೇದಿಕೆ ತನಕ ಬಂದ್ಬಿಡಿ. ಅದನ್ನೇ ನಿಮ್ಮ ಕಾರ್ಯಕ್ರಮ ಅಂದ್ಕೊಳ್ಳೋಣ.”

ಅಪ್ಪ ವ್ಯಾನಿನ ಬಾಗಿಲು ತೆಗೆದು ನಿಂತ. ಆ ಬಾಗಿಲಿನ ಸದ್ದಿಗೆ ನನ್ನ ನೆತ್ತಿ ಕಾದುಹೋಯಿತು.

“ಟೆಂಟಿನಲ್ಲಿ ಪಿಟೀಲು ಶ್ರುತಿ ಮಾಡ್ತಾ ಕೂತಿದ್ದಾರಲ್ಲ, ಅವರನ್ನೂ ಗೇಟಿಗೆ ಕರೀರಿ,” ಅಂದೆ. “ಅವರು ಬಾರಿಸ್ಕೊಂಡು ಮುಂದೆ ನಡೀಲಿ, ನಾವು ಹಿಂದೆ ಬರ್ತೀವಿ.”

“ಅದ್ಹೇಗಾಗುತ್ತೆ ಮೇಡಂ? ಅವರು ಕಲಾವಿದರು.”

“ನಾವ್ಯಾರು ಹಂಗಾದ್ರೆ?”

ಆತ ಕೈಗಡಿಯಾರ ತೋರಿಸಿದ. ಲಾಯರಮ್ಮ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವವಳು. “ಸರ್, ಬೇಜಾರಿಲ್ಲ,” ಅಂದಳು. “ಅವರು ಯಾಕೆ ಕಲಾವಿದರು, ನಾವು ಯಾಕಲ್ಲ ಅಂತ ಮೈಕಿನಲ್ಲಿ ಹೇಳಿಬಿಡಿ. ಇಷ್ಟು ಜನ ಸೇರಿದ್ದಾರೆ, ಎಲ್ಲರಿಗೂ ಗೊತ್ತಾಗಲಿ. ಹೇಳಿದ ತಕ್ಷಣ ಹೊರಡ್ತೀವಿ.”

ಆತ ಮೈಕಿನ ಕಡೆ ನೋಡಿದ, ಜನರ ಕಡೆ ನೋಡಿದ. “ಆಯ್ತು, ಈ ಹಾಡು ಮುಗಿದ ತಕ್ಷಣ ವೇದಿಕೆಗೆ ಬನ್ನಿ. ಹತ್ತೇ ನಿಮಿಷ,” ಎಂದು ಬೆವರು ಒರೆಸಿಕೊಂಡು ಹೋದ.

ಗೆದ್ದೆವು ಎಂದು ಟೀಚರ್ ನನ್ನ ತೋಳು ಹಿಂಡಿದಳು. ಆದರೆ ಗೆದ್ದು ಬಾರಿಸುವುದು ಯಾವುದನ್ನು? ಮೂರು ತಮಟೆಯೂ ಸತ್ತಂತೆ ಬಿದ್ದಿದ್ದವು. ಬೆಂಕಿ ಹಚ್ಚೋಣವೆಂದರೆ ಬಂದೋಬಸ್ತಿನ ಪೊಲೀಸ್ ಪೇದೆ, “ಇಲ್ಲಿ ಕಡ್ಡಿ ಗೀರಿದ್ರೂ ಕೇಸ್ ಹಾಕ್ತೀನಿ” ಎಂದು ಗದರಿಸಿದ. ಇಷ್ಟು ಜಗಳ ಆಡಿ, ವೇದಿಕೆ ಹತ್ತಿ, ರಟ್ಟು ಬಡಿದು ಇಳಿದರೆ? ಇದಕ್ಕಿಂತ ಗೇಟೇ ವಾಸಿಯಾಗಿತ್ತು ಅನ್ನುತ್ತಿದ್ದರು ಜನ. ನನಗೆ ಅಳು ಬಂದುಬಿಟ್ಟಿತು. ಸಿಟ್ಟಿನವರಿಗೆ ಅಳುವೂ ಬೇಗ.

“ಗಾಡಿ ಸ್ಟಾರ್ಟ್ ಮಾಡವ್ವ,” ಅಂದ ಅಪ್ಪ.

ಮನೆಗೆ ಹೊರಡಲು ಹೇಳುತ್ತಿದ್ದಾನೆ ಅಂದುಕೊಂಡೆ. “ಅಪ್ಪ, ವೇದಿಕೆ ಕೊಟ್ರಲ್ಲ...” ಅಂದೆ.

“ಸ್ಟಾರ್ಟ್ ಮಾಡು ಅಂದೆ. ಜೋರಾಗಿ ಎಬ್ಬಿಸು.” ಮಾತು ಮುಗಿಯುವುದರೊಳಗೆ ತಾನು ಕೂತಿದ್ದ ಸೀಟನ್ನು ಮೇಲಕ್ಕೆ ಎತ್ತಿದ್ದ. ಕೆಳಗೆ ಎಂಜಿನ್ನು. “ಮೂರು ಗಂಟೆ ನನ್ನ ಕಾಯಿಸಿದ್ದು ಸಾಲ್ದಾ, ಇವನ್ನೂ ಕಾಯಿಸ್ಲಿ. ತತ್ತಾ ಇಲ್ಲಿ.” ಅರಸೀಕೆರೆಯಿಂದ ಹಳೇಬೀಡಿಗೆ ಎಲ್ಲಿಯ ಮೂರು ಗಂಟೆ! ಆದರೆ ಆಗ ಅದನ್ನು ಯಾರು ಕೇಳುತ್ತಾರೆ?

ನಾನು ಆಕ್ಸಿಲರೇಟರ್ ಒತ್ತಿದೆ. ಅಪ್ಪ ಕೈ ಚಾಚಿ ಟೀಚರ್ ಕೊಟ್ಟ ತಮಟೆಯನ್ನು ಇಸಿದುಕೊಂಡ. ರೈಲ್ವೆ ಸೇರಿದ ಮೇಲೆ ಅವನ ಕೈಗೆ ತಮಟೆ ಬಂದದ್ದು ಅದೇ ಮೊದಲು. ಎಂಜಿನ್ನು ಬಿಸಿಯೇರುತ್ತಿದ್ದಂತೆ ಅದರ ಮೇಲೆ ತಮಟೆಯನ್ನು ಬೋರಲು ಹಿಡಿದು ನಿಧಾನವಾಗಿ ತಿರುಗಿಸಿದ, ಬೆರಳಲ್ಲಿ ತಟ್ಟಿದ, ಮತ್ತೆ ಹಿಡಿದ. ಒಂದಾದ ಮೇಲೊಂದು. ಪೇದೆ ಬಂದು ಮೂಸಿ ನೋಡಿ, ಬೆಂಕಿ ಎಲ್ಲೂ ಕಾಣದೆ ಹೋದ. ಮೂರನೆಯದು ಠಣ್ ಎಂದಾಗ ನಮ್ಮ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಅಪ್ಪ ನಮ್ಮ ಮುಖ ನೋಡದೆ, “ಆರೋಕೆ ಮುಂಚೆ ಓಡ್ರವ್ವ” ಅಂದ.

ಓಡಿದೆವು. ವೇದಿಕೆ ಹತ್ತಿ ಮೊದಲ ಪೆಟ್ಟು ಹಾಕಿದಾಗ ಸದ್ದು ಗುಡಿಯ ಗೋಡೆಗೆ ಬಡಿದು ವಾಪಸ್ ಬಂತು. ಮಾತಾಡುತ್ತಿದ್ದ ಜನ ವೇದಿಕೆಯ ಕಡೆ ತಿರುಗಿದರು. ಅಪ್ಪ ಮುಂದಿನ ಸಾಲಿನಲ್ಲೇ ಒಂದು ಖಾಲಿ ಕುರ್ಚಿ ಹುಡುಕಿ ಕೂತಿದ್ದ.

ಬಾರಿಸುವುದು ಬಿರುಸಾಗಿದ್ದಾಗಲೇ ಮುಖ್ಯ ಅತಿಥಿಗಳು ಬಂದರು. ಸಾಲು ಸಾಲೇ ಎದ್ದು ನಿಂತಿತು. ವ್ಯವಸ್ಥಾಪಕ ಕೆಳಗಿನಿಂದ ನಿಲ್ಲಿಸಿ, ನಿಲ್ಲಿಸಿ ಎಂದು ಕೈ ಬೀಸಿದ. ನಾನು ಅವನ ಕಡೆಯಿಂದ ಮುಖ ತಿರುಗಿಸಿ ಇನ್ನೂ ಜೋರಾಗಿ ಬಾರಿಸಿದೆ. ಇಡೀ ಬಯಲಿನಲ್ಲಿ ಕೂತಿದ್ದವನು ನನ್ನಪ್ಪ ಒಬ್ಬನೇ. ಅತಿಥಿಗಳು ಎದುರಿಗೆ ಬಂದಾಗ ಕಾಲನ್ನು ಕೊಂಚ ಒಳಗೆ ಎಳೆದುಕೊಂಡು ದಾರಿ ಬಿಟ್ಟ, ಅಷ್ಟೇ. ಅವರು ಒಂದು ಗಳಿಗೆ ನಿಂತು, ಅಪ್ಪನ ಪಕ್ಕದ ಕುರ್ಚಿಯಲ್ಲೇ ಕೂತು ನಮ್ಮ ಕಡೆ ನೋಡಿದರು. ಆಮೇಲೆ ಎಲ್ಲರೂ ಕೂತರು. ನಾವು ನಮ್ಮ ಹತ್ತು ನಿಮಿಷವನ್ನು ಪೂರ್ತಿ ಬಾರಿಸಿ, ಚಪ್ಪಾಳೆ ತೆಗೆದುಕೊಂಡೇ ಇಳಿದೆವು. ಅಷ್ಟು ಹೆಮ್ಮೆ ನನಗೆ ಕೆಲಸದ ಆರ್ಡರ್ ಬಂದ ದಿನವೂ ಆಗಿರಲಿಲ್ಲ.

ವ್ಯಾನಿನ ಹತ್ತಿರ ಬಂದ ಮೇಲೆ ಕೇಳಿದೆ. “ಅಷ್ಟು ಜನ ಎದ್ದು ನಿಂತ್ರು. ನೀನೊಬ್ಬ ಯಾಕಪ್ಪ ಏಳ್ಲಿಲ್ಲ?”

ಅಪ್ಪ ಮೂರೂ ತಮಟೆಗಳನ್ನು ತಾನೇ ಒಳಗಿಡುತ್ತಿದ್ದ. “ಅವ್ರೂ ನಿಮ್ಮನ್ನ ಕೇಳಕ್ಕೆ ಬಂದೋರು, ನಾನೂ ನಿಮ್ಮನ್ನ ಕೇಳಕ್ಕೆ ಬಂದೋನು,” ಅಂದ. “ಕೇಳೋನು ಕೇಳೋನಿಗೆ ಯಾಕವ್ವ ಎದ್ದು ನಿಲ್ಬೇಕು?”