ಒಂದೇ ಕೈಯಲ್ಲಿ ಹಿಡಿಯುವಷ್ಟು

ಶುಶ್ರೂಷೆಯನ್ನು ವೃತ್ತಿಯಾಗಿ ಕೈಗೊಂಡವರಲ್ಲಿ ಹೆಸರು ಮಾಡಿದವರಿದ್ದಾರೆ, ಪದಕ ಪಡೆದವರಿದ್ದಾರೆ, ಮುಂದಿನ ಪೀಳಿಗೆಗೆ ಪಾಠ ಹೇಳಿದವರೂ ಇದ್ದಾರೆ. ಆದರೆ ರೋಗಿಯ ರಕ್ತದೊತ್ತಡ ನೋಡಿದಷ್ಟೇ ಸಹಜವಾಗಿ "ಎಲ್ಲಿಗೆ ಬಂತು ಕಥೆ?" ಎಂದು ವಿಚಾರಿಸಿ, ಉತ್ತರ ಮುಗಿಯುವವರೆಗೆ ಮಂಚದ ಪಕ್ಕ ನಿಂತು ಕೇಳಿದವರು ನಾನು ಕಂಡಂತೆ ಒಬ್ಬರೇ. ನಮ್ಮ ಆಸ್ಪತ್ರೆಯ ಡಯಾಲಿಸಿಸ್ ವಿಭಾಗದ ಮುಖ್ಯ ಶುಶ್ರೂಷಕಿಯಾಗಿ ಈ ತಿಂಗಳು ನಿವೃತ್ತರಾಗುತ್ತಿರುವ, ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರ ಬಾಯಲ್ಲೂ 'ದೊಡ್ಡ ಸಿಸ್ಟರ್' ಆಗಿರುವ ಈ ಹಿರಿಯರನ್ನು ಕುರಿತು ಬರೆಯಲು ನನಗಿಂತ ಅರ್ಹರು ಅನೇಕರಿದ್ದಾರೆ. ಅವರ ಕೈಕೆಳಗಿನವರಲ್ಲಿ ನಾನು ಎಲ್ಲರಿಗಿಂತ ಕಿರಿಯಳು. ಅದಕ್ಕೂ ಮೊದಲು ಅವರ ರೋಗಿಯೊಬ್ಬರ ಮೊಮ್ಮಗಳು. ಈ ಲೇಖನದಲ್ಲಿ ಹೆಚ್ಚು ಮಾತಾಡುತ್ತಿರುವವಳು ಆ ಮೊಮ್ಮಗಳೇ ಎಂದು ಓದುಗರು ತಿಳಿಯಬೇಕು.

ನಮ್ಮ ವಿಭಾಗವನ್ನು ಕಾಣದವರಿಗಾಗಿ ಎರಡು ಮಾತು. ಮೂತ್ರಪಿಂಡ ಸೋತವರು ವಾರಕ್ಕೆ ಮೂರು ಸರದಿ ಬಂದು, ತೋಳಿಗೆ ಎರಡು ದಪ್ಪ ಸೂಜಿ ಚುಚ್ಚಿಸಿಕೊಂಡು, ತಮ್ಮ ರಕ್ತ ಯಂತ್ರದೊಳಗೆ ಹೋಗಿ ಶುದ್ಧವಾಗಿ ಮರಳುವವರೆಗೆ ನಾಲ್ಕು ಗಂಟೆ ಮಲಗಿರಬೇಕು. ಸೂಜಿ ಇರುವ ಕೈ ಅಲುಗಬಾರದು. ಬಾಯಾರಿದರೂ ನೀರು ಗುಟುಕಿನ ಲೆಕ್ಕದಲ್ಲೇ. ಕಿಟಕಿಗಳ ಗಾಜು ಮಸುಕು. ಹೊರಗೆ ಹಗಲಿದೆ ಎಂಬುದಷ್ಟು ಗೊತ್ತಾಗುತ್ತದೆ, ಎಂಥ ಹಗಲು ಎಂಬುದು ಗೊತ್ತಾಗುವುದಿಲ್ಲ. ಬಂದವರು ಗುಣವಾಗಿ ಹೋಗುವ ವಿಭಾಗವಲ್ಲ ಇದು. ಮತ್ತೆ ಬರುವುದೇ ಇಲ್ಲಿ ಶುಭಸಮಾಚಾರ.

ಇಂಥ ಕೋಣೆಗೆ ದೊಡ್ಡ ಸಿಸ್ಟರ್ ವರ್ಗವಾಗಿ ಬಂದಾಗ ಅವರ ಕೈಚೀಲದಲ್ಲಿ ಒಂದು ಕಾದಂಬರಿಯೂ ಒಂದು ಓದಿನ ಪುಸ್ತಿಕೆಯೂ ಇದ್ದವೆಂದು ಹಿರಿಯ ಸಹೋದ್ಯೋಗಿಗಳು ಹೇಳುತ್ತಾರೆ. ಬಸ್ಸಿನಲ್ಲಿ ಓದುವುದು, ಮುಗಿದ ದಿನ ಪುಸ್ತಿಕೆಯಲ್ಲಿ ಹೆಸರು ಬರೆದು ಎದುರಿಗೆ ಒಂದೇ ಒಂದು ವಾಕ್ಯ ಸೇರಿಸುವುದು, ಕೊನೆಯ ಅಂಕಣದಲ್ಲಿ 'ಯಾರಿಗೆ ಕೊಟ್ಟೆ' ಎಂಬುದನ್ನು ತುಂಬುವುದು; ಇಷ್ಟು ಅವರ ಪದ್ಧತಿ. ಓದಿ ಮುಗಿದ ಪುಸ್ತಕ ಮನೆಗೆ ತಿರುಗಿ ಹೋಗಬಾರದು ಎಂಬುದು ಅವರು ತಮಗೆ ತಾವೇ ಹಾಕಿಕೊಂಡ ಕಟ್ಟುಪಾಡು. ಆ ಪುಸ್ತಿಕೆ ಸದಾ ಕೌಂಟರಿನ ಮೇಲೆ ಬಿಚ್ಚಿಯೇ ಇರುತ್ತಿತ್ತು. ಯಾರು ಬೇಕಾದರೂ ನೋಡಬಹುದಿತ್ತು. "ನಾಯಕಿ ಇಷ್ಟೊಂದು ಅಳಬೇಕಾಗಿರಲಿಲ್ಲ." "ಅರ್ಧದ ಮೇಲೆ ಬರೆದವರಿಗೇ ಬೇಸರ ಬಂದಂತಿದೆ." "ಇಳಿಯುವ ಸ್ಟಾಪು ತಪ್ಪಿಹೋಯಿತು. ಇದಕ್ಕಿಂತ ಹೊಗಳಿಕೆ ಬೇಡ." ಇಂಥ ಒಂದೊಂದು ಸಾಲು ಓದಿ, ಸ್ಟಾಪು ತಪ್ಪಿಸಿದ ಪುಸ್ತಕವೇ ತನಗೆ ಬೇಕೆಂದು ಹಟ ಹಿಡಿಯುವ ರೋಗಿಗಳಿದ್ದರು.

ನನ್ನ ಅಜ್ಜಿ ಆ ಕೋಣೆಗೆ ಬಂದದ್ದು ನಾನು ಕಾಲೇಜಿನಲ್ಲಿದ್ದಾಗ. ನನ್ನನ್ನು ಸಾಕಿದವರು ಆಕೆ; ಅನ್ನಕ್ಕಿಂತ ಹೆಚ್ಚಾಗಿ ಕಥೆ ಉಣಿಸಿ ಸಾಕಿದವರು. ರಾಜಕುಮಾರಿ ಬಾಗಿಲ ಚಿಲಕಕ್ಕೆ ಕೈ ಹಾಕಿದ ಕ್ಷಣಕ್ಕೆ ಸರಿಯಾಗಿ "ಇವತ್ತಿಗೆ ಇಷ್ಟೇ" ಎಂದು ಮಗ್ಗುಲು ತಿರುಗುವ ಕ್ರೂರಿ. ಮೊದಲ ದಿನ ಯಂತ್ರವನ್ನು ಕಂಡು ಆಕೆ ಹೆದರಲಿಲ್ಲ. "ಏಳು ಸಮುದ್ರದಾಚೆ ಗಿಳಿಯೊಳಗೆ ಜೀವ ಇಟ್ಟಿದ್ನಲ್ಲ ರಾಕ್ಷಸ, ಅವನೇ ವಾಸಿ ಕಣೇ. ನನ್ನ ಜೀವ ಈ ಡಬ್ಬೀಲಿ, ಅದೂ ಪ್ಲಗ್ಗು ಹಾಕಿರೋ ಡಬ್ಬೀಲಿ" ಎಂದರು. ದೊಡ್ಡ ಸಿಸ್ಟರ್ ಅಂದು ಜೋರಾಗಿ ನಕ್ಕದ್ದು ನೆನಪಿದೆ. ಅವರು ನಗುವುದು ಅಪರೂಪ.

ಕೆಲವು ವಾರ ಕಳೆದ ಮೇಲೆ ಅಜ್ಜಿಗೊಂದು ಪುಸ್ತಕ ಬಂತು. ತೀರ ತೆಳ್ಳಗಿನದು. ಪಕ್ಕದ ಮಂಚದಲ್ಲಿ ಜೀವನವಿಡೀ ಲಾರಿ ಓಡಿಸಿದ್ದ ಒಬ್ಬರಿದ್ದರು. ಎಲ್ಲರಿಗೂ ಅವರು ಲಾರಿ ಮಾವ. ಅವರ ಎದೆಯ ಮೇಲೆ ಇಟ್ಟಿಗೆಯಂಥ ಒಂದು ಕಾದಂಬರಿ ಕೂತಿತ್ತು.

"ಏನಜ್ಜಿ, ನನಗೆ ದೂರದ ಊರಿನ ಟಿಕೆಟ್ಟು, ನಿಮಗೆ ಮುಂದಿನ ಸ್ಟಾಪಿಗೇನಾ?" ಎಂದರು ಮಾವ.

"ನಿನ್ನ ಗಾಡಿ ನಿಧಾನ ಕಣಪ್ಪಾ, ಅದಕ್ಕೇ ದೊಡ್ಡದು ಕೊಟ್ಟಿದ್ದಾರೆ" ಎಂದು ಅಜ್ಜಿ ಬಾಯಿಗೆ ಬಾಯಿ ಕೊಟ್ಟರು. ಆದರೆ ಮನೆಗೆ ಬಂದ ಮೇಲೆ ಆಕೆ ಆ ಪುಸ್ತಕ ಬಿಚ್ಚಲಿಲ್ಲ.

ಆ ಕೋಣೆಯವರಲ್ಲಿ ಯಾರಿಂದ ಹುಟ್ಟಿತೋ ತಿಳಿಯದ ಒಂದು ನಂಬಿಕೆ ಬೇರುಬಿಟ್ಟಿತ್ತು. ದೊಡ್ಡ ಸಿಸ್ಟರ್‌ಗೆ ಎಲ್ಲರ ರಕ್ತದ ವರದಿಯೂ ಗೊತ್ತು. ಯಾರು ಎಷ್ಟು ಪುಟ ಓದಲು ಉಳಿಯುತ್ತಾರೆ ಎಂಬುದನ್ನು ನೋಡಿಯೇ ಅವರು ಪುಸ್ತಕ ಕೊಡುತ್ತಾರೆ ಎಂಬುದು ಆ ನಂಬಿಕೆ. ಸತ್ಯ ಇಷ್ಟೇ ಇತ್ತು: ಅಜ್ಜಿಯ ಎಡಗೈಯಲ್ಲಿ ಸೂಜಿ, ಬಲಗೈಯ ಗೆಣ್ಣುಗಳಲ್ಲಿ ವಾತ. ಆ ಒಂದು ಕೈ ಎತ್ತಬಲ್ಲಷ್ಟು ಹಗುರದ್ದನ್ನು ಸಿಸ್ಟರ್ ಹುಡುಕಿ ತಂದಿದ್ದರು. ಮಮತೆಯಿಂದ ಆರಿಸಿದ್ದು ಮರಣಶಾಸನವಾಗಿ ತಲುಪಿತು. ಮುಂದಿನ ಸರದಿಗೆ ಅಜ್ಜಿ ಹೊರಡಲಿಲ್ಲ. "ಗೊತ್ತಿರೋರು ಹೇಳಾಯ್ತಲ್ಲ, ಇನ್ಯಾಕೆ ಚುಚ್ಚಿಸ್ಕೊಳ್ಳೋದು" ಎಂದು ಗೋಡೆಯ ಕಡೆ ತಿರುಗಿದರು. ಅದರ ಮುಂದಿನ ಸರದಿಗೂ ಹೋಗಲಿಲ್ಲ. ಕಾಲು ಊದಿಕೊಂಡವು. ಉಸಿರಿಗಾಗಿ ದಿಂಬಿನ ಮೇಲೆ ದಿಂಬು ಇಟ್ಟು ಕೂರಿಸಿದೆವು. ಅಪ್ಪ ಬೇಡಿದರು, ಬೈದರು, ಕೊನೆಗೆ ಅತ್ತರು. ನಾನು ಓಡಿಹೋಗಿ ಸಿಸ್ಟರಿಗೆ ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವರ ಮುಖ ಸುಣ್ಣದಂತಾಯಿತು.

ಅವರು ಆ ಕೂಡಲೇ ಲಾರಿ ಮಾವನ ಎದೆಯ ಮೇಲಿದ್ದ ಇಟ್ಟಿಗೆಯನ್ನು ಎತ್ತಿಕೊಂಡು, ನನ್ನನ್ನೂ ಕರೆದುಕೊಂಡು ಆಸ್ಪತ್ರೆಯ ಹಿಂದಿನ ಬೈಂಡಿಂಗ್ ಅಂಗಡಿಗೆ ನಡೆದರು. ಪುಸ್ತಕವನ್ನು ತುಂಡು ತುಂಡಾಗಿ ಕತ್ತರಿಸಿ, ಒಂದೊಂದಕ್ಕೂ ರಟ್ಟು ಹಾಕಿ ಕೊಡಬೇಕೆಂದಾಗ ಅಂಗಡಿಯ ಯಜಮಾನರು ಕನ್ನಡಕ ಹಣೆಗೇರಿಸಿ ನೋಡಿದರು.

"ಪುಸ್ತಕ ಹೊಲಿಯೋಕೆ ಕೂತಿರೋನು ನಾನು, ಕಡಿಯೋಕಲ್ಲ ತಾಯಿ."

"ನಮ್ಮಲ್ಲೂ ಹಾಗೇ, ಯಜಮಾನರೇ. ಕುಯ್ದೇ ಹೊಲಿಯೋದು."

ಮೊದಲ ತುಂಡಿನ ಅಂಟು ಆರುವ ಮೊದಲೇ ಸಿಸ್ಟರ್ ನಮ್ಮ ಮನೆಯಲ್ಲಿದ್ದರು. ಸಮವಸ್ತ್ರದಲ್ಲೇ ಅಜ್ಜಿಯ ಕಾಲ ಬಳಿ ಕೂತು, ತೆಳು ಪುಸ್ತಕವನ್ನು ಯಾಕೆ ಆರಿಸಿದೆನೆಂದು ವಿವರಿಸಿದರು. ಅಜ್ಜಿ ನಂಬಲಿಲ್ಲ. "ಸಮಾಧಾನಕ್ಕೆ ಹೇಳ್ತೀಯಮ್ಮ" ಎಂದರು, ಉಸಿರಿಗೊಮ್ಮೆ ನಿಲ್ಲಿಸಿ. ಸಿಸ್ಟರ್ ವಾದ ಬಿಟ್ಟು ಮೊದಲ ತುಂಡನ್ನು ಓದತೊಡಗಿದರು. ಕಥೆಯಲ್ಲಿ ಸರಿಯಾಗಿ ಒಂದು ಬಾಗಿಲು ತೆರೆಯುವ ಹೊತ್ತಿಗೆ ಆ ತುಂಡು ಮುಗಿಯಿತು.

"ಮುಂದೆ?" ಎಂದರು ಅಜ್ಜಿ.

"ಮುಂದಿನ ಭಾಗ ವಾರ್ಡಲ್ಲಿದೆ."

"ಒಟ್ಟು ಎಷ್ಟು ಭಾಗ?"

"ಅದನ್ನ ಹೇಳಲ್ಲ. ಬಂದು ಇಸ್ಕೊಳ್ಳಿ."

ಜೀವನವಿಡೀ ರಾಜಕುಮಾರಿಯ ಕೈಯನ್ನು ಚಿಲಕದ ಮೇಲೆ ನಿಲ್ಲಿಸಿ ನನ್ನನ್ನು ಮಲಗಿಸಿದ ಅಜ್ಜಿ, ತಮ್ಮದೇ ಮಂತ್ರಕ್ಕೆ ತಾವು ಸಿಕ್ಕಿಬಿದ್ದು, ನನ್ನ ಕಡೆ ನೋಡಿ "ಚಪ್ಪಲಿ ತಗೊಂಬಾರೇ" ಎಂದರು.

ಅಂದಿನಿಂದ ನಮ್ಮ ವಿಭಾಗದ ಪುಸ್ತಕಗಳೆಲ್ಲ ತುಂಡುಗಳಾದವು. ಎಲ್ಲರ ಕೈಯಲ್ಲೂ ತೆಳ್ಳಗಿನ ಒಂದೇ ಅಳತೆಯ ಭಾಗ; ತನ್ನ ಕಥೆ ಇನ್ನೆಷ್ಟು ಉಳಿದಿದೆಯೆಂದು ಯಾರಿಗೂ ತಿಳಿಯದು. "ನನ್ನ ಗಾಡೀನ ಬಿಡಿಭಾಗ ಮಾಡಿ ಮಾರಿಬಿಟ್ರಲ್ಲ ಸಿಸ್ಟರ್" ಎಂದು ಗೊಣಗಿದ ಲಾರಿ ಮಾವ ಆ ವರ್ಷ ದಾಟಲಿಲ್ಲ. ಹೆಚ್ಚು ಪುಟದ ಪುಸ್ತಕ ಹೆಚ್ಚು ದಿನ ಕೊಡುವುದಿಲ್ಲ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಆದರೂ ನಂಬಿಕೆ ಪೂರ್ತಿ ಅಳಿಯಲಿಲ್ಲ. ಈಗಲೂ ಕೆಲವರು ಭಾಗ ಕೈಗೆ ಬಂದೊಡನೆ ಹೆಬ್ಬೆರಳಿನಿಂದ ಅದರ ಅಂಚನ್ನು ಸವರಿ ನೋಡುತ್ತಾರೆ.

ಅಜ್ಜಿ ಮತ್ತೆ ಎರಡು ಬೇಸಿಗೆ ಕಂಡರು. ತೀರಿಕೊಂಡಾಗ ಆಕೆಯ ದಿಂಬಿನ ಬಳಿ ಒಂದು ಕಾದಂಬರಿಯ ನಡುವಿನ ಭಾಗವಿತ್ತು. ಗುರುತಿಗೆ ಬ್ಯಾಂಡೇಜಿನ ಹೊದಿಕೆಯ ಕಾಗದ. ಅದನ್ನು ಹಿಂದಿರುಗಿಸಲು ಹೋದಾಗ ಆಕೆಯ ಮಂಚದ ಮೇಲೆ ಆಗಲೇ ಬೇರೆಯವರಿದ್ದರು. ಅಲ್ಲಿ ಮಂಚ ಖಾಲಿ ಇರುವುದಿಲ್ಲ. ಹೊರಗೆ ಯಾರೋ ಕಾಯುತ್ತಲೇ ಇರುತ್ತಾರೆ. ದೊಡ್ಡ ಸಿಸ್ಟರ್ ನನ್ನನ್ನು ಸಾಮಾನಿನ ಕೋಣೆಗೆ ಕರೆದೊಯ್ದು, ಹತ್ತಿಯ ಪೆಟ್ಟಿಗೆಯ ಮೇಲೆ ಕೂರಿಸಿ, ಗುರುತಿದ್ದ ಪುಟದಿಂದ ಓದತೊಡಗಿದರು. ದಿನಾ ಊಟದ ಬಿಡುವಿನಲ್ಲಿ ಒಂದಿಷ್ಟು. ಕಥೆ ಮುಗಿದ ದಿನ ಪುಸ್ತಿಕೆಯಲ್ಲಿ ಆ ಪುಸ್ತಕದ ಹೆಸರನ್ನು ಎರಡನೆಯ ಬಾರಿ ಬರೆದು, ಎದುರಿಗೆ "ಅಜ್ಜಿಯ ಪಾಲು" ಎಂದು ಸೇರಿಸಿದರು. ನಾನು ಈ ವೃತ್ತಿಗೆ ಬಂದದ್ದು ಆ ಪೆಟ್ಟಿಗೆಯ ಮೇಲಿಂದ ಎದ್ದು.

ಅಜ್ಜಿಗಾಗಿ ಆರಂಭವಾದದ್ದು ಎಲ್ಲರಿಗಾಗಿ ನಡೆಯಿತು. ಅರ್ಧದಲ್ಲಿ ಹೋದ ಪ್ರತಿಯೊಬ್ಬರ ಗುರುತಿನಿಂದ ಕೊನೆಯವರೆಗೆ ಸಿಸ್ಟರ್ ತಾವೇ ಓದಿ ಮುಗಿಸಿದರು. ಹೊರಗಿನವರಿಗೆ ಇದು ಸುಂದರವಾಗಿ ಕಾಣಬಹುದು. ಹತ್ತಿರದಿಂದ ನೋಡಿದ ನನಗೆ ಅದರ ಭಾರ ಗೊತ್ತು. ವರುಷಗಳು ಉರುಳಿದಂತೆ ಅವರ ಓದಿನಲ್ಲಿ ಆರಂಭಗಳು ಕಡಿಮೆಯಾಗಿ ಅಂತ್ಯಗಳೇ ತುಂಬಿಕೊಂಡವು. ಪುಸ್ತಿಕೆಯಲ್ಲಿ ನಾಯಕಿ ಅತ್ತದ್ದರ ಬಗ್ಗೆ, ಸ್ಟಾಪು ತಪ್ಪಿದ್ದರ ಬಗ್ಗೆ ವಾಕ್ಯಗಳಿಲ್ಲ. ಟೈಲರ್ ಅಣ್ಣನ ಪಾಲು, ಪಾಠದ ಮೇಷ್ಟ್ರ ಪಾಲು, ಬಾಣಂತಿಯ ಪಾಲು. ಕಳೆದ ಚಳಿಗಾಲದಲ್ಲಿ ಒಂದು ದಿನ ಅವರು ಪುಸ್ತಿಕೆಗೆ ರಬ್ಬರ್ ಬ್ಯಾಂಡ್ ಹಾಕಿ ಡ್ರಾಯರಿಗೆ ಸೇರಿಸಿದರು.

"ಹೊಸ ಪುಸ್ತಕ ತೆಗೆದ್ರೆ ಸಾಕು, ಇದನ್ನ ಯಾರು ಅರ್ಧಕ್ಕೆ ಬಿಟ್ಟು ಹೋಗ್ತಾರೋ ಅನ್ಸುತ್ತೆ ಕಣೇ" ಎಂದರು. "ನನಗಿನ್ನು ಆಗಲ್ಲ. ಬೇಕಾದ್ರೆ ನೀನು ಬರ್ಕೋ."

ನಾನು ಬರೆಯಲಿಲ್ಲ. ಬಸ್ಸಿನಲ್ಲಿ ಅವರೀಗ ಕಿಟಕಿಯ ಕಡೆ ನೋಡುತ್ತ ಕೂರುತ್ತಾರೆ. ಇಳಿಯುವ ಸ್ಟಾಪು ಒಮ್ಮೆಯೂ ತಪ್ಪುವುದಿಲ್ಲ. ಓದಿದ್ದನ್ನೆಲ್ಲ ಕೊಟ್ಟುಬಿಟ್ಟವರ ಮನೆಯಲ್ಲಿ ಒಂದೂ ಪುಸ್ತಕವಿಲ್ಲ. ನಿವೃತ್ತಿಯ ಬಳಿಕ ಅವರು ಹೋಗುವುದು ಆ ಮನೆಗೆ. ಅಷ್ಟೊಂದು ಜನರ ಕೊನೆಯ ಪುಟಗಳನ್ನು ಒಬ್ಬರೇ ಹೊತ್ತುಕೊಂಡು ಆ ಬರಿದಾದ ಗೋಡೆಗಳ ನಡುವೆ ಅವರು ಕೂರುವುದನ್ನು ನೆನೆದಾಗ, ಗೋಡೆಯ ಕಡೆ ತಿರುಗಿದ್ದ ಅಜ್ಜಿಯ ಬೆನ್ನೇ ಕಣ್ಣಿಗೆ ಕಟ್ಟುತ್ತದೆ.

ಇಂಥ ಅಭಿನಂದನ ಸಂಪುಟಗಳಲ್ಲಿ ನೂರು ವರ್ಷ ಬಾಳಿರೆಂದು ಹಾರೈಸುವುದು ವಾಡಿಕೆ. ನಮ್ಮ ವಿಭಾಗದಲ್ಲಿ ಕೆಲಸ ಮಾಡುವವರ ನಾಲಿಗೆಗೆ ಆ ಸಂಖ್ಯೆ ಬರುವುದಿಲ್ಲ. ಆದುದರಿಂದ ಬೈಂಡಿಂಗ್ ಅಂಗಡಿಯ ಯಜಮಾನರೂ ನಾನೂ ಸೇರಿ ಬೇರೆ ಏರ್ಪಾಡು ಮಾಡಿದ್ದೇವೆ. ಯಾವ ರೋಗಿಯೂ ಮುಟ್ಟಿರದ, ಯಾರ ಪಾಲೂ ಉಳಿದಿರದ ಒಂದು ಹೊಸ ಕಾದಂಬರಿಯನ್ನು ಕೊಂಡು, ಓದದೆಯೇ ಕತ್ತರಿಸಿ ಹೊಲಿಸಿದ್ದೇವೆ. "ಎಷ್ಟು ಭಾಗ ಆಯ್ತು ಅಂತ ಬಾಯಿಬಿಟ್ರೆ ನಿಮ್ಮ ಅಂಗಡಿಗೆ ಮತ್ತೆ ಕಾಲಿಡಲ್ಲ" ಎಂದು ಯಜಮಾನರನ್ನು ಹೆದರಿಸಿಟ್ಟಿದ್ದೇನೆ. ಈ ಅಭಿನಂದನ ಸಂಪುಟದ ಜೊತೆಗೆ ದೊಡ್ಡ ಸಿಸ್ಟರ್ ಅವರ ಕೈಗೆ ಬರುವ ತೆಳ್ಳಗಿನ ರಟ್ಟಿನ ಪುಸ್ತಕ ಅದರ ಮೊದಲ ಭಾಗ. ರಬ್ಬರ್ ಬ್ಯಾಂಡ್ ಬಿಚ್ಚಿದ ಆ ಹಳೆಯ ಪುಸ್ತಿಕೆಯೂ ಅದರೊಂದಿಗಿದೆ.

ಮುಂದಿನ ಭಾಗ ವಾರ್ಡಿನಲ್ಲಿ ನನ್ನ ಬೀರುವಿನಲ್ಲಿದೆ. ಒಟ್ಟು ಎಷ್ಟೆಂದು ಹೇಳುವುದಿಲ್ಲ, ಸಿಸ್ಟರ್. ಬಂದು ಇಸ್ಕೊಳ್ಳಿ.