ಅತ್ತಿದ್ದು ನಾನು

ನಮ್ಮ ಚಿಕ್ಕಮ್ಮನ ಕಸುಬು ಅಳುವುದು. ಸಿನಿಮಾ, ಧಾರಾವಾಹಿಗಳಲ್ಲಿ ಮಕ್ಕಳ ಪಾತ್ರಕ್ಕೆ ದನಿ ಕೊಡುತ್ತಾಳೆ. ವಯಸ್ಸು ಐವತ್ತೆರಡಾದರೂ ಗಂಟಲಿಗಿನ್ನೂ ಆರೇ. ಬಿದ್ದ ಮಗುವಿನ ಅಳು, ಹಟದ ಅಳು, ಜ್ವರದ ನರಳಾಟ, ಯಾವುದು ಬೇಕೋ ಅದು. ಸ್ಟುಡಿಯೋದವರ ಬಾಯಲ್ಲಿ ಅವಳು ಪಾಪಕ್ಕ. ಮಗೂಗೆ ಯಾಕೆ ಹಾಗೆ ಹೊಡೀತೀರಿ ಎಂದು ಪಕ್ಕದ ಮನೆಯವರು ಎಷ್ಟೋ ಸಲ ಬಾಗಿಲು ಬಡಿದಿದ್ದಾರೆ. ಒಳಗೆ ಮಗುವೇ ಇರುತ್ತಿರಲಿಲ್ಲ, ಚಿಕ್ಕಮ್ಮ ಅಭ್ಯಾಸ ಮಾಡುತ್ತಿದ್ದಳು.

ಹೋದ ವರ್ಷ ಮಕ್ಕಳ ಬಡತನದ ಬಗ್ಗೆ ಅರಿವು ಮೂಡಿಸುವ ಮೂರು ನಿಮಿಷದ ಚಿತ್ರವೊಂದು ಅವಳ ಪಾಲಿಗೆ ಬಂತು. ಖರ್ಚು ವಹಿಸಿಕೊಂಡದ್ದು ಒಂದು ಬಟ್ಟೆ ಕಾರ್ಖಾನೆ. ಒಳ್ಳೇ ಕೆಲಸ ಎಂದು ಚಿಕ್ಕಮ್ಮ ಖುಷಿಯಿಂದಲೇ ಹೋದಳು.

ಕಿಟಕಿಯಿಲ್ಲದ ಕೋಣೆ, ಗೋಡೆಗೆಲ್ಲ ಸ್ಪಂಜು, ಸದ್ದಾಗುತ್ತದೆಂದು ಆರಿಸಿಟ್ಟ ಫ್ಯಾನು. ಎದುರಿನ ಪರದೆಯಲ್ಲಿ ಮೆಟ್ಟಿಲ ಮೇಲೆ ಕೂತ, ಒಂಬತ್ತು ವರ್ಷದ ಹುಡುಗಿ. ಗಾಜಿನಾಚೆಯಿಂದ ನಿರ್ದೇಶಕ ವಿವರಿಸಿದ. ಹುಡುಗಿ ಸೀದಾ ಮಾತಾಡಿಬಿಟ್ಟಿದ್ದಾಳೆ, ಕರುಳು ಹಿಂಡುವಂತಿಲ್ಲ. ಹಸಿವಾಗ್ತಿದೆ ಎಂದು ನೀವು ಬಿಕ್ಕಿ ಅಳಬೇಕು. ತುಟಿ ಕಾಣುವ ಕಡೆ ಅವಳ ಬೆನ್ನು ತೋರಿಸುತ್ತೇವೆ, ಹಿಂದೆ ಹಾಡು ಬರುತ್ತದೆ. ಚಿಕ್ಕಮ್ಮ ಒಂದೇ ಸಲಕ್ಕೆ ಅತ್ತು ಮುಗಿಸಿದಳು. ನಿರ್ದೇಶಕ ಕಣ್ಣೊರೆಸಿಕೊಂಡು ಟೀ ಕುಡಿಯಲು ಹೊರಗೆ ಹೋದ.

ಪರದೆಯಲ್ಲಿ ಹುಡುಗಿ ಸದ್ದಿಲ್ಲದೆ ಮತ್ತೆ ಮತ್ತೆ ಮಾತಾಡುತ್ತಲೇ ಇದ್ದಳು. ಮೂವತ್ತು ವರ್ಷ ಬೇರೆಯವರ ತುಟಿಗೆ ಮಾತು ಕೂಡಿಸಿದ ಚಿಕ್ಕಮ್ಮನಿಗೆ ಅಲ್ಲಿ ಹಸಿವು ಎಂಬ ಮಾತೇ ಕಾಣಲಿಲ್ಲ. ಅಮ್ಮ ಎಂದು ಎರಡು ಸಲ ತುಟಿ ಕೂಡಿದ್ದು ಕಂಡಿತು. ಸೌಂಡ್ ಎಂಜಿನಿಯರ್ ಹಳೆಯ ಪರಿಚಯದವನು. ಮೂಲ ಧ್ವನಿ ಹಾಕು ಎಂದಳು. ಅವನು ಹಾಕಿದ.

"ಅಮ್ಮನ ಬೆರಳು ಮಿಷಿನ್ನಿಗೆ ಸಿಕ್ತು. ಮಾರನೇ ದಿನಾನೇ ಅಮ್ಮನ್ನ ಕೆಲಸಕ್ಕೆ ಬರಬೇಡ ಅಂದ್ರು. ಈಗ ನಾನು ಸ್ಕೂಲು ಬಿಟ್ಟು ಅದೇ ಕಾರ್ಖಾನೆ ಶರ್ಟಿಗೆ ಮನೇಲೇ ಗುಂಡಿ ಹಾಕ್ತೀನಿ. ಇದನ್ನ ಟೀವೀಲಿ ಹಾಕ್ತೀರಲ್ವಾ?"

ಇದು ದುಡ್ಡು ಕೊಟ್ಟವರ ಕಾರ್ಖಾನೆಯೇ ಅಲ್ವಾ, ಈ ಮಾತನ್ನೇ ಯಾಕೆ ಹಾಕಬಾರದು ಎಂದು ಒಳಗೆ ಬಂದ ನಿರ್ದೇಶಕನನ್ನು ಚಿಕ್ಕಮ್ಮ ಕೇಳಿದಳು. ಅವನು ಸಾವಧಾನವಾಗಿಯೇ ಹೇಳಿದ: "ಅದು ದೂರು, ಪಾಪಕ್ಕ. ದೂರು ಕೇಳಿದ್ರೆ ಜನ ಚಾನೆಲ್ ಬದಲಾಯಿಸ್ತಾರೆ. ಅಳು ಕೇಳಿದ್ರೆ ನಿಲ್ತಾರೆ."

ನನ್ನ ದನಿ ಅಳಿಸಿಬಿಡಿ ಎಂದಳು. ಅವನು ಒಪ್ಪಲಿಲ್ಲ. ಅವಳು ನಲ್ಲಿಯ ಕೆಳಗೆ ಬಾಯಿ ತಿಕ್ಕಿ ತಿಕ್ಕಿ ತೊಳೆದು ಮನೆಗೆ ಬಂದಳು.

ಚಿತ್ರ ಬಿಡುಗಡೆಯಾಯಿತು. ಟೀವಿಯಲ್ಲಿ, ಬಸ್ ನಿಲ್ದಾಣದಲ್ಲಿ, ಎಲ್ಲರ ಫೋನಿನಲ್ಲಿ ಅದೇ ಬಿಕ್ಕು. ನಮ್ಮಮ್ಮ ಅದನ್ನು ನೆಂಟರಿಗೆಲ್ಲ ಕಳಿಸಿ, ನನ್ನ ತಂಗಿಯ ದನಿ ಎಂದು ಮೆರೆದಳು. ಚಿಕ್ಕಮ್ಮ ಎರಡು ತಿಂಗಳು ಅಮ್ಮನ ಜೊತೆ ಮಾತು ಬಿಟ್ಟಳು. ಆಮೇಲೆ ಎಂಜಿನಿಯರನಿಂದ ವಿಳಾಸ ತೆಗೆದುಕೊಂಡು, ನನ್ನನ್ನೂ ಕರೆದುಕೊಂಡು ಆ ಹುಡುಗಿಯ ಮನೆಗೆ ಹೊರಟಳು.

ಒಂದೇ ಕೋಣೆಯ ಮನೆ, ಬಾಗಿಲಲ್ಲೇ ಅಂಗಿಗಳ ರಾಶಿ. ತಾಯಿಯ ತೋರುಬೆರಳು ಅರ್ಧಕ್ಕೇ ನಿಂತಿತ್ತು. ಹುಡುಗಿ ಗುಂಡಿ ಹಾಕುತ್ತಿದ್ದಳು, ತಲೆಯೆತ್ತಲಿಲ್ಲ. ಚಿತ್ರದ ಮಾತು ಬಂದದ್ದೇ ತಾಯಿಯ ಮುಖ ಬಿಗಿಯಿತು. ಅದು ಟೀವಿಯಲ್ಲಿ ಬಂದ ದಿನ ಮಗಳಿಗೆ ಎರಡೇಟು ಬಿಗಿದಿದ್ದಳಂತೆ. ತಾನು ಅತ್ತೇ ಇಲ್ಲ ಎಂದು ಮಗಳು ಎಷ್ಟು ಆಣೆಯಿಟ್ಟರೂ ಯಾರೂ ನಂಬಲಿಲ್ಲ. ಬೀದಿಯ ಮಕ್ಕಳು ಈಗಲೂ ಹಸಿವಾಗ್ತಿದೆ, ಹಸಿವಾಗ್ತಿದೆ ಎಂದು ಅಣಕಿಸುತ್ತಾರೆ.

"ಒಂದು ಹೊತ್ತೂ ನಾನಿವಳನ್ನ ಹಸಿದು ಮಲಗಿಸಿಲ್ಲ," ಎಂದಳು ತಾಯಿ. "ಕಂಡವರ ಮುಂದೆ ಮಾನ ಕಳೆದಳು."

"ಅತ್ತಿದ್ದು ನಾನು ಕಣಮ್ಮ," ಎಂದಳು ಚಿಕ್ಕಮ್ಮ.

ತಾಯಿ ನಂಬಲಿಲ್ಲ. ಚಿಕ್ಕಮ್ಮ ಹೊಸ್ತಿಲಲ್ಲಿ ನಿಂತು, ಬೀದಿಗೆಲ್ಲ ಕೇಳುವಂತೆ ಅತ್ತು ತೋರಿಸಿದಳು. ನರೆಗೂದಲಿನ ಹೆಂಗಸಿನ ಬಾಯಿಂದ ಒಂಬತ್ತರ ಹುಡುಗಿಯ ಬಿಕ್ಕು ಬರುವುದನ್ನು ಕಂಡು ನನ್ನ ಮೈ ಮುಳ್ಳೆದ್ದಿತು. ನೆರೆಯವರು ಬಂದು ನಿಂತರು. ಯಾರೋ ಕಿಸಕ್ಕನೆ ನಕ್ಕು ಸುಮ್ಮನಾದರು. ಅನ್ನದಲ್ಲಿ ಜಿರಲೆ ಕಂಡವಳಂತೆ ತಾಯಿ ನಮ್ಮನ್ನು ನೋಡಿದಳು. ಆಮೇಲೆ ಮಗಳ ಪಕ್ಕ ಕೂತು ಅವಳ ತಲೆ ಸವರಿದಳು.

"ಮತ್ತೆ ನಾನು ಹೇಳಿದ್ದು ಎಲ್ಲಿ ಹೋಯ್ತು?" ಎಂದು ಹುಡುಗಿ ಕೇಳಿದಳು. ತಾಯಿ ನಮ್ಮನ್ನು ಹೊರಡಿ ಎಂದಳು.

ಚಿತ್ರಕ್ಕೆ ಪ್ರಶಸ್ತಿ ಬಂತು. ನಡೆದದ್ದನ್ನೆಲ್ಲ ಚಿಕ್ಕಮ್ಮ ಮೂರು ಚಾನೆಲ್‌ಗಳಿಗೆ ಬರೆದಳು. ಒಂದರಿಂದ ಫೋನ್ ಬಂತು: ಕಾರ್ಯಕ್ರಮಕ್ಕೆ ಬನ್ನಿ, ನಿಮ್ಮ ಕತೆ ಜನಕ್ಕೆ ತುಂಬ ಹಿಡಿಸುತ್ತದೆ. ಹುಡುಗಿಯ ಮಾತು ಹಾಕ್ತೀರಾ ಎಂದು ಇವಳು ಕೇಳಿದಳು. ಅದನ್ನ ಆಮೇಲೆ ನೋಡೋಣ ಮೇಡಂ, ಈಗ ಆ ಅಳು ಒಂದು ಸಲ ಕೇಳಿಸ್ತೀರಾ ಎಂದರು ಅವರು.

ಚಿಕ್ಕಮ್ಮ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು. ಫೋನಿನಲ್ಲಿ ಆ ಮನುಷ್ಯ ಹಲೋ, ಹಲೋ ಎನ್ನುತ್ತಲೇ ಇದ್ದ. ನಾನೇ ಕಟ್ ಮಾಡಿದೆ.