ಅರಿಶಿನ ಹತ್ತಿದ ವಿಕುನ್ಯಾ ಶಾಲು

ದೆವ್ವ-ಗಿವ್ವದ ಕಥೆ ಹೇಳುವವರನ್ನು ಕಂಡರೆ ನಗುತ್ತಿದ್ದವಳು ನಾನು. ಸೂಜಿ ಹಿಡಿದು ಬದುಕುವವಳಿಗೆ ಕಣ್ಣಿಗೆ ಕಂಡದ್ದಷ್ಟೇ ನಿಜ. ಈಗ ನೀವು ನನ್ನನ್ನು ನೋಡಿ ನಕ್ಕರೂ ಬೇಸರವಿಲ್ಲ.

ಪರದೇಶದ ಹ್ಯಾರೋ ಊರಿನ ನಮ್ಮ ಮನೆಯಲ್ಲಿ ಹರಿದ ಬಟ್ಟೆಗಳಿಗೆ ರಫು ಮಾಡಿಕೊಡುತ್ತೇನೆ. ಕೆಲವು ವರ್ಷಗಳ ಹಿಂದೆ, ಒಂದು ಡಿಸೆಂಬರಿನಲ್ಲಿ, ಹತ್ತಿರದ ಎಜ್‌ವೇರಿನ ಸಿಲ್ವಿಯಾ ಆಂಟಿ ಹರಿದ ಶಾಲೊಂದನ್ನು ತಂದರು. ಉಡುಪಿ ಕಡೆಯವರು. ಶಾಲು ವಿಕುನ್ಯಾ ಉಣ್ಣೆಯದು. ಆಂಡಿಸ್ ಬೆಟ್ಟಗಳ ಆ ಕಾಡುಪ್ರಾಣಿ ಒಂಟೆಯ ದೂರದ ಬಳಗವಂತೆ. ಸಾಕಲು ಒಗ್ಗುವುದಿಲ್ಲ, ಹಿಡಿದು ಉಣ್ಣೆ ಕತ್ತರಿಸಿ ಮತ್ತೆ ಬೆಟ್ಟಕ್ಕೇ ಬಿಡುತ್ತಾರಂತೆ.

“ನಮ್ಮವರು ತೀರಿಹೋಗುವ ಮೊದಲು ತಂದುಕೊಟ್ಟದ್ದು. ಭಾನುವಾರ ಅವರ ವರ್ಷದ ಪೂಜೆ ಉಂಟು, ಇದನ್ನೇ ಹೊದ್ದು ಇಗರ್ಜಿಗೆ ಹೋಗಬೇಕು. ಜಾಗ್ರತೆ ಮಾರಾಯ್ತಿ,” ಎಂದರು.

ಶನಿವಾರ ರಫು ಮುಗಿಸಿ, ಮೇಜಿನ ಮೇಲೆ ಮಡಚಿಟ್ಟು ಅಂಗಡಿಗೆ ಹೋದೆ. ಹರಿದದ್ದು ಗೊತ್ತೇ ಆಗುತ್ತಿರಲಿಲ್ಲ, ಅದೇ ತಪ್ಪಾಯಿತು. ವಾಪಸು ಬಂದಾಗ, ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆ ನಗುತ್ತ ನಿಂತಿದ್ದರು. “ಹೊಸಾ ಶಾಲು ಹಂಗ ಇಟ್ಟೀಯಲ್ಲವಾ, ತುದೀಗೆ ಅರಿಷಿಣ ಹಚ್ಚೀನಿ.” ಹೊಸ ಬಟ್ಟೆಗೆ ಅರಿಶಿನ ಮುಟ್ಟಿಸದೆ ತೊಡಬಾರದೆಂಬುದು ಅವರ ಪದ್ಧತಿ. ನೀರು ತಾಗಿಸಿದರೆ ಕಲೆ ಹರಡುತ್ತದೆ, ಉಜ್ಜಿದರೆ ಉಣ್ಣೆ ಹಾಳು. ಆಂಟಿಗೆ ಯಾವ ಮುಖ ತೋರಿಸಲಿ?

ಇಲ್ಲಿಯ ಚಳಿಗಾಲ, ಸಂಜೆ ನಾಲ್ಕೂವರೆಗೇ ಕತ್ತಲಾಗಿತ್ತು. ಶಾಲು ಹಿಡಿದು ಮನೆಯೊಳಗೆ ಅತ್ತಿಂದಿತ್ತ ಓಡಾಡುತ್ತಿದ್ದೆ. ಆಗ ಹಿತ್ತಲ ಗಾಜಿನ ಬಾಗಿಲ ಆಚೆ ಏನೋ ನಿಂತಿರುವುದು ಕಂಡಿತು. ಉದ್ದ ಸಪೂರ ಕತ್ತು, ದೊಡ್ಡ ಕಣ್ಣು, ಮೈಯೆಲ್ಲ ಶಾಲಿನದೇ ಬಣ್ಣ. ಉಣ್ಣೆ ಕತ್ತರಿಸಿದ ಬೋಳು ಪಕ್ಕೆ ಚಳಿಗೆ ನಡುಗುತ್ತಿತ್ತು. ಅದು ನೋಡುತ್ತಿದ್ದದ್ದು ನನ್ನನ್ನಲ್ಲ, ಶಾಲನ್ನು.

“ಥಂಡ್ಯಾಗ ನಿಂತದ ಪಾಪ. ಅದರದ ಇರಬೇಕು, ಕೊಟ್ಟಬಿಡವಾ,” ಎಂದರು ಅತ್ತೆ ನನ್ನ ಬೆನ್ನ ಹಿಂದಿನಿಂದ, ಬಾಗಿಲಿಗೆ ಬಂದ ದನ ಕಂಡವರ ಹಾಗೆ.

ಬಾಗಿಲು ತೆರೆದು ಹೊಸ್ತಿಲು ದಾಟಿದೆ. ಆದರೆ ಕೊಡಲಿಲ್ಲ. ಎರಡೂ ಕೈಯಿಂದ ಶಾಲನ್ನು ಎದೆಗೆ ಅವುಚಿಕೊಂಡೆ. ಕೈಗೆ ಬೆಚ್ಚನೆಯ ಉಸಿರು ತಾಗಿದಂತಾಯಿತು. ಹೆದರಿ ಕಣ್ಣು ಮುಚ್ಚಿದೆ. ತೆರೆದಾಗ ಹಿತ್ತಲು ಖಾಲಿ. ಒಳಗೆ ಬಂದು ದೀಪಕ್ಕೆ ಹಿಡಿದರೆ ಶಾಲಿನ ಮೇಲೆ ಅರಿಶಿನದ ಗುರುತೂ ಇರಲಿಲ್ಲ.

ಮರುದಿನ ಆಂಟಿ ಅದನ್ನು ಹೊದ್ದು ಚರ್ಚಿನ ಪೂಜೆಗೆ ಹೋದರು. ಅವರು ಹೋದ ಮೇಲೆ ಹಿತ್ತಲಿಗೆ ಹೋಗಿ ನೋಡಿದೆ. ಹಿತ್ತಲ ಬೇಲಿಯ ಮೊಳೆಗೆ ಒಂದು ಚಿಟಿಕೆ ಉಣ್ಣೆ ಸಿಕ್ಕಿಕೊಂಡಿತ್ತು, ತುದಿ ಹಳದಿ. ಶಾಲಿನದೇ ಇರಬಹುದು ಎಂದು ಸಮಾಧಾನ ಮಾಡಿಕೊಳ್ಳಲು ನೋಡುತ್ತೇನೆ. ಆದರೆ ಆ ಸಂಜೆ ನಾನು ಬೇಲಿಯ ಹತ್ತಿರ ಹೋಗಿಯೇ ಇರಲಿಲ್ಲ.

ಈಗಲೂ ಡಿಸೆಂಬರಿನ ಸಂಜೆ ಮನೆಯೊಳಗೆ ಕೂರಲಾಗುವುದಿಲ್ಲ. ಆ ಉಣ್ಣೆಯನ್ನು ಅಂಗೈಯಲ್ಲಿಟ್ಟುಕೊಂಡು ಹಿತ್ತಲಲ್ಲಿ ನಿಲ್ಲುತ್ತೇನೆ. ಕೊಡಲು ಸಿದ್ಧಳಿದ್ದೇನೆ. ಯಾರೂ ಬರುವುದಿಲ್ಲ.